ಆವನಿಯ ಗುಡಿಗಳು, ಪಾಂಡವರ ಕಲ್ಲುಮನೆಗಳು

ಕೋಲಾರ ದಾಟಿ ಮುಳಬಾಗಿಲಿನ ಕಡೆ ಹೊರಟರೆ ಹೆದ್ದಾರಿಯ ಎರಡೂ ಬದಿಗೆ ಬಂಡೆಯದೇ ರಾಜ್ಯ. ಒಂದರ ಮೇಲೊಂದು ಕೂತ ಗುಂಡುಗಳು, ಬೋಳು ಬೆನ್ನಿನ ಬೆಟ್ಟಗಳು, ಹೊಲದ ನಡುವೆಯೇ ಮೈಚಾಚಿದ ಹಾಸುಬಂಡೆಗಳು. ಇಲ್ಲಿನ ಹಳ್ಳಿಗಳಲ್ಲಿ ಹೊಲದ ಬೇಲಿಗೆ ಕಲ್ಲುಕಂಬ, ಹಳೆಯ ಮನೆಗಳ ಮೇಲೆ ಕಲ್ಲುಚಪ್ಪಡಿ, ದನಕ್ಕೆ ನೀರಿಡುವ ತೊಟ್ಟಿಯೂ ಕಲ್ಲಿನದೇ. ಮರಕ್ಕಿಂತ ಕಲ್ಲು ಸುಲಭವಾಗಿ ಸಿಗುವ ಸೀಮೆ ಇದು. ಆವನಿಗೆ ಹೋಗುವವರು ಗುಡಿಗೆ ಮೊದಲು ಈ ಬಂಡೆಯನ್ನು ಸ್ವಲ್ಪ ಹೊತ್ತು ನೋಡಬೇಕು ಎಂಬುದು ನನ್ನ ಆಸೆ. ಆವನಿಯಲ್ಲಿ ನೊಳಂಬರ ಕಾಲದ ಗುಡಿಗಳಿವೆ. ಅವುಗಳಿಗೆ ಈಗ ಸಾವಿರ ವರ್ಷ ದಾಟಿದೆ. ಈ ಸೀಮೆಯಲ್ಲಿ ಅಲ್ಲಲ್ಲಿ ಚದುರಿರುವ ಕಲ್ಲಿನ ಸಮಾಧಿಗಳು ಆ ಗುಡಿಗಳಿಗಿಂತಲೂ ಸಾವಿರ, ಎರಡು ಸಾವಿರ ವರ್ಷ ಹಿರಿಯವು. ಎರಡೂ ಎದ್ದದ್ದು ಒಂದೇ ಜಾತಿಯ ಬಂಡೆಯಿಂದ. ಆದರೂ ನಾವು ಮೊದಲನೆಯದಕ್ಕೆ ಕೈಮುಗಿದು, ಎರಡನೆಯದನ್ನು ತಿರುಗಿಯೂ ನೋಡದೆ ಊರಿಗೆ ಮರಳುತ್ತೇವೆ.

ಆವನಿ ಇರುವುದು ಮುಳಬಾಗಿಲಿಗೆ ನೈಋತ್ಯದಲ್ಲಿ, ಸುಮಾರು 13 ಕಿಲೋಮೀಟರ್ ದೂರದಲ್ಲಿ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಕೆಜಿಎಫ್‌. ಊರಿನ ಹಿಂದೆ ದೊಡ್ಡ ಬೆಟ್ಟ, ಬುಡದಲ್ಲಿ ರಾಮಲಿಂಗೇಶ್ವರ ದೇವಾಲಯದ ಆವರಣ. ಬೆಟ್ಟದ ನೆತ್ತಿಯಲ್ಲಿ ಸೀತಮ್ಮನ ಗುಡಿ. ರಾಮನ ಗುಡಿಗಳಲ್ಲಿ ಸೀತೆ ಪಕ್ಕದಲ್ಲಿ ನಿಲ್ಲುವುದು ವಾಡಿಕೆ. ಅವಳದೇ ಹೆಸರಿನಲ್ಲಿ ಬೆಟ್ಟದ ತುದಿಯೇ ಇರುವುದು ನಮ್ಮ ನಾಡಿನಲ್ಲಿ ಅಪರೂಪ.

ಊರವರು ಹೇಳುವ ಕಥೆ ಇದು. ವಾಲ್ಮೀಕಿಯ ಆಶ್ರಮ ಇದ್ದದ್ದು ಈ ಬೆಟ್ಟದಲ್ಲಿ. ರಾಮ ಕಾಡಿಗೆ ಕಳಿಸಿದ ಸೀತೆ ಇಲ್ಲಿಗೆ ಬಂದಳು, ಇಲ್ಲಿನ ಗುಹೆಯಲ್ಲೇ ಲವಕುಶರನ್ನು ಹೆತ್ತಳು. ಮಕ್ಕಳು ಬೆಳೆದು ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕಿದರು. ಚಿಕ್ಕಪ್ಪಂದಿರು ಬಂದು ಸೋತರು, ಕೊನೆಗೆ ಅಪ್ಪನೇ ಬಂದ. ಹೆತ್ತ ಮಕ್ಕಳ ಮೇಲೆ ಬಿಲ್ಲೆತ್ತಿದ ಪಾಪ ಕಳೆಯಲು ರಾಮ, ಲಕ್ಷ್ಮಣ, ಭರತ, ಶತ್ರುಘ್ನರು ತಲಾ ಒಂದೊಂದು ಲಿಂಗ ಸ್ಥಾಪಿಸಿದರು. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ನಾಲ್ಕು ಗುಡಿಗಳ ಹೆಸರು ಬಂದದ್ದು ಹೀಗೆ. ಆಂಜನೇಯ, ವಾಲಿ, ಸುಗ್ರೀವರ ಹೆಸರಿನ ಗುಡಿಗಳೂ ಅದೇ ಆವರಣದಲ್ಲಿವೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ಬೆಟ್ಟ ಹತ್ತಿ ಸೀತಮ್ಮನಿಗೆ ಹರಕೆ ಹೊರುತ್ತಾರೆ. ಗಂಡನ ಮನೆಯಿಂದ ಹೊರಗಾದ ಗರ್ಭಿಣಿಗೆ ಆಸರೆ ಕೊಟ್ಟ ಬೆಟ್ಟ ಎಂಬ ನಂಬಿಕೆ ಆ ಹರಕೆಯ ಬೆನ್ನಿಗಿದೆ, ಹಾಗಾಗಿ ಅದರ ತೂಕವೇ ಬೇರೆ.

ಶಾಸನಗಳು ಇನ್ನೊಂದು ಕಥೆ ಹೇಳುತ್ತವೆ. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಆವನಿಯ ಶಾಸನಗಳೂ ಇವೆ. ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ತ್ರಿಭುವನಕರ್ತ ಎಂಬ ಶೈವ ಗುರುವಿನ ಶಾಸನ. ಹತ್ತನೆಯ ಶತಮಾನದ ಈ ಗುರುವಿಗೆ ಕಲಿಯುಗ ರುದ್ರ ಎಂಬ ಬಿರುದಿತ್ತು. ನಲವತ್ತು ವರ್ಷ ಆವನಿಯ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನು ಕಟ್ಟಿಸಿ, ಎರಡು ದೊಡ್ಡ ಕೆರೆಗಳನ್ನು ತೋಡಿಸಿ ಆತ ತೀರಿಕೊಂಡ ಎಂದು ಶಾಸನ ಹೇಳುತ್ತದೆ. ಐವತ್ತು ಎಂಬ ಸಂಖ್ಯೆಯಲ್ಲಿ ಹೊಗಳಿಕೆಯ ಪಾಲು ಇರಬಹುದು. ಇದ್ದರೂ ಆ ಕಾಲದ ಆವನಿ ಎಂಥ ಊರಾಗಿತ್ತು ಎಂಬ ಚಿತ್ರ ಅದರಿಂದ ಸಿಗುತ್ತದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಗುಡಿ ಏಳುವ ಊರಿನಲ್ಲಿ ಬೆಳಗಾದರೆ ಉಳಿ ಸುತ್ತಿಗೆಯ ಸದ್ದು ಕೇಳುತ್ತಲೇ ಇದ್ದಿರಬೇಕು. ಗುಡಿಯ ಜೊತೆಗೆ ಕೆರೆಯನ್ನೂ ಎಣಿಸಿ ಹೇಳಿರುವುದು ಈ ಸೀಮೆಗೆ ತಕ್ಕ ಮಾತು. ತುಂಬಿ ಹರಿಯುವ ಹೊಳೆಯಿಲ್ಲದ ಕೋಲಾರದಲ್ಲಿ ಕೆರೆ ಕಟ್ಟಿಸಿದವನ ಪುಣ್ಯ ಗುಡಿ ಕಟ್ಟಿಸಿದವನ ಪುಣ್ಯಕ್ಕಿಂತ ಕಡಿಮೆಯದಾಗಿರಲಿಲ್ಲ.

ಆಗ ಈ ಭಾಗವನ್ನು ಆಳುತ್ತಿದ್ದವರು ನೊಳಂಬರು. ಅವರ ರಾಜಧಾನಿ ಹೆಂಜೇರು; ಇಂದಿನ ಆಂಧ್ರದ ಮಡಕಶಿರಾ ಬಳಿಯ ಹೇಮಾವತಿ. ಅವರ ನಾಡಿಗೆ ನೊಳಂಬವಾಡಿ ಮೂವತ್ತೆರಡು ಸಾಸಿರ ಎಂದು ಹೆಸರು. ಇತಿಹಾಸದ ಪಾಠಗಳಲ್ಲಿ ಕದಂಬ, ಗಂಗ, ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳರಿಗೆ ಸಿಕ್ಕ ಜಾಗ ನೊಳಂಬರಿಗೆ ಸಿಗಲಿಲ್ಲ. ಒಂದು ಕಡೆ ಗಂಗರು, ಇನ್ನೊಂದು ಕಡೆ ರಾಷ್ಟ್ರಕೂಟರು, ಕೆಳಗಿನಿಂದ ಚೋಳರು. ಇವರ ನಡುವೆ ಮೂರು ಶತಮಾನ ತಲೆಯೆತ್ತಿ ಬಾಳಿದ ಮನೆತನ ಅದು. ಗಂಗರ ಇಮ್ಮಡಿ ಮಾರಸಿಂಹ ‘ನೊಳಂಬ ಕುಲಾಂತಕ’ ಎಂಬ ಬಿರುದು ಧರಿಸಿದ. ಇಡೀ ಕುಲಕ್ಕೇ ಯಮನಾದೆ ಎಂದು ಹೆಮ್ಮೆಪಡಬೇಕಾದರೆ ಆ ಕುಲ ಎಷ್ಟು ಕಾಡಿರಬೇಕು! ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಕೋಲಾರವನ್ನು ಹಿಡಿದರು; ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳಿವೆ. ನೊಳಂಬರ ಕುಸುರಿ ಕಂಬಗಳಿಗೆ ಚೋಳರೇ ಮನಸೋತರು. ಕಾವೇರಿ ತೀರದ ತಿರುವಯ್ಯಾರಿನ ದೇವಸ್ಥಾನದಲ್ಲಿ ಇಂದಿಗೂ ನೊಳಂಬ ಕಂಬಗಳು ನಿಂತಿವೆ.

ಆವನಿಯಲ್ಲಿ ಗುಡಿ ಕಟ್ಟಿಸಿದವರಲ್ಲಿ ಹೆಂಗಸೊಬ್ಬಳೂ ಇದ್ದಾಳೆ. ನೊಳಂಬ ರಾಣಿ ದೀವಬ್ಬರಸಿ ಇಲ್ಲಿ ನೊಳಂಬ ನಾರಾಯಣೇಶ್ವರ ಎಂಬ ದೇಗುಲ ಎತ್ತಿಸಿದಳು. ಸೀತೆಯ ಬೆಟ್ಟದ ಬುಡದಲ್ಲಿ ಅವಳ ಹೆಸರನ್ನೂ ನೆನೆಯುವುದು ನ್ಯಾಯ.

ಆವರಣದೊಳಗೆ ಹೋದವರು ಲಕ್ಷ್ಮಣೇಶ್ವರ ಗುಡಿಗೆ ಹೆಚ್ಚು ಹೊತ್ತು ಕೊಡಬೇಕು. ಮಿಕ್ಕವಕ್ಕಿಂತ ಅದರ ಮೈತುಂಬ ಕೆತ್ತನೆ ಹೆಚ್ಚು. ಅಧಿಷ್ಠಾನದ ಉದ್ದಕ್ಕೂ ಆನೆ ಸಿಂಹಗಳ ಸಾಲು. ಒಳಗಿನ ನವರಂಗದಲ್ಲಿ ಕತ್ತೆತ್ತಿ ನೋಡಿದರೆ ಮಧ್ಯದ ಅಂಕಣದಲ್ಲಿ ಉಮಾಮಹೇಶ್ವರ, ಸುತ್ತಲೂ ಅಷ್ಟದಿಕ್ಪಾಲಕರು. ಹೊಯ್ಸಳರಿಗೆ ಸಿಕ್ಕಂತೆ ಮೆದುವಾದ ಬಳಪದ ಕಲ್ಲು ನೊಳಂಬರಿಗೆ ಇಲ್ಲಿ ಒದಗಲಿಲ್ಲ. ಇದು ಗಟ್ಟಿ ಕಣಶಿಲೆ. ಉಳಿಯ ಏಟು ಕೊಂಚ ತಪ್ಪಿದರೂ ಮೂಗೋ ಬೆರಳೋ ಸಿಡಿದುಹೋಗುತ್ತದೆ. ಅಂಥ ಕಲ್ಲಿನಲ್ಲಿ ಬಟ್ಟೆಯ ನೆರಿಗೆ, ಹಾರದ ಮಣಿ ಬಿಡಿಸಿದ ಕೈಗಳ ಮುಂದೆ ನನಗೆ ಪ್ರತಿ ಸಲವೂ ಮಾತು ಹೊರಡುವುದಿಲ್ಲ.

ಆ ಕೈಗಳಿಗೆ ಬಂಡೆಯ ಸ್ವಭಾವ ಗೊತ್ತಾದದ್ದು ಯಾವಾಗ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನೊಳಂಬರನ್ನು ದಾಟಿ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಕೋಲಾರದ ಹಾಸುಬಂಡೆಗೆ ಒಂದು ಗುಣವಿದೆ. ಬಿಸಿಲಿಗೆ ಕಾದು, ರಾತ್ರಿ ತಣಿದು, ಮೇಲಿನ ಭಾರ ಸವೆದುಹೋಗಿ, ಅದು ಪದರಪದರವಾಗಿ ಮೇಲೇಳುತ್ತದೆ. ಈರುಳ್ಳಿಯ ಸಿಪ್ಪೆ ಬಿಟ್ಟಂತೆ. ಆ ಪದರವೇ ಚಪ್ಪಡಿ. ಅದನ್ನು ಇನ್ನಷ್ಟು ಎಬ್ಬಿಸಲು ಕಲ್ಲುಕುಟಿಗರು ಬೆಂಕಿಯನ್ನೂ ಬಳಸುತ್ತಿದ್ದರು. ಎಚ್. ವಾರ್ತ್ ಎಂಬ ಭೂವಿಜ್ಞಾನಿ ಬೆಂಗಳೂರಿನ ಹತ್ತಿರ ಈ ಕೆಲಸವನ್ನು ಕಂಡು, 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. ಬಂಡೆಯ ಮೇಲೆ ಸೌದೆಯ ಉರಿಯನ್ನು ಒಂದು ಗೆರೆಯಂತೆ ಹಚ್ಚಿ ಮೆಲ್ಲಮೆಲ್ಲನೆ ಮುಂದೆ ಸರಿಸುತ್ತ ಹೋಗುತ್ತಿದ್ದರು. ಉರಿಯ ಮುಂದಿನ ಬಂಡೆಗೆ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಒಳಗೆ ಪದರ ಎಲ್ಲಿಯವರೆಗೆ ಬಿಟ್ಟಿದೆ ಎಂದು ಹೇಳುತ್ತಿದ್ದರು. ಮದ್ದು ಸಿಡಿಸದೆ, ಯಂತ್ರವಿಲ್ಲದೆ, ಮನೆಯಂಗಳಕ್ಕಿಂತ ದೊಡ್ಡ ಚಪ್ಪಡಿ ಒಡೆಯದೆ ಎದ್ದುಬರುತ್ತಿತ್ತು. ಕಿವಿಯಿಂದ ಕಲ್ಲನ್ನು ಓದುವ ಈ ವಿದ್ಯೆ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಪ್ಪನಿಂದ ಮಗನಿಗೆ ಬರುತ್ತಿತ್ತು.

ಇಂಥ ಚಪ್ಪಡಿಗಳನ್ನು ಬಳಸಿ ದಕ್ಷಿಣ ಭಾರತದಲ್ಲಿ ಮೊದಲ ದೊಡ್ಡ ಕಟ್ಟೋಣಗಳನ್ನು ಎತ್ತಿದವರು ಕಬ್ಬಿಣಯುಗದ ಜನ. ಕ್ರಿಸ್ತಪೂರ್ವ ಸುಮಾರು 1200ರಿಂದ ಶುರುವಾಗಿ ಕ್ರಿಸ್ತಶಕದ ಹೊಸ್ತಿಲವರೆಗೂ ಈ ರೂಢಿ ನಡೆಯಿತು. ವಿದ್ವಾಂಸರು ಇವುಗಳನ್ನು ಬೃಹತ್ ಶಿಲಾ ಸಮಾಧಿ ಎನ್ನುತ್ತಾರೆ. ನಾಲ್ಕು ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೆ ಇನ್ನೊಂದನ್ನು ಹೊದಿಸುವುದು. ಒಂದು ಗೋಡೆಗೆ ದುಂಡನೆಯ ಕಿಂಡಿ ಕೊರೆಯುವುದು. ಸುತ್ತ ಗುಂಡುಕಲ್ಲುಗಳ ವೃತ್ತ ಇಡುವುದು. ಕೆಲವು ನೆಲದ ಮೇಲೆಯೇ ಪುಟ್ಟ ಮನೆಯಂತೆ ನಿಂತಿವೆ, ಕೆಲವು ನೆಲದೊಳಗೆ ಹುದುಗಿ ಮೇಲೆ ಕಲ್ಲುವೃತ್ತ ಮಾತ್ರ ಕಾಣುತ್ತದೆ. ಒಳಗೆ ಎಲುಬಿನ ತುಣುಕು, ಕಪ್ಪು-ಕೆಂಪು ಬಣ್ಣದ ಮಡಕೆ, ಕಬ್ಬಿಣದ ಕತ್ತಿ, ಭರ್ಜಿ, ಕೊಡಲಿ. 1947ರಲ್ಲಿ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆದಾಗ ಈ ಸಮಾಧಿಗಳ ಕಟ್ಟುವಿಕೆಯ ಕ್ರಮ ಚೆನ್ನಾಗಿ ತಿಳಿದುಬಂತು. ಹಲವು ಕಡೆ ಹೆಣವನ್ನು ನೇರವಾಗಿ ಇಟ್ಟಿರಲಿಲ್ಲ. ಬೇರೆಡೆ ಕೊಳೆಯಲು ಬಿಟ್ಟು, ಉಳಿದ ಎಲುಬನ್ನು ಆಯ್ದು ತಂದು ಈ ಕಲ್ಲುಮನೆಗೆ ತುಂಬಿದ್ದರು.

ಕೋಲಾರ ಸೀಮೆ ಈ ಸಮಾಧಿಗಳ ಭೂಪಟದ ನಟ್ಟನಡುವೆ ಬರುತ್ತದೆ. ಮಾಲೂರಿನ ಪಕ್ಕದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಉತ್ಖನನ ನಡೆಸಿ ವರದಿ ಪ್ರಕಟಿಸಿದರು. ಕೋಲಾರ ಜಿಲ್ಲೆಯ ಬನಹಳ್ಳಿಯಲ್ಲಿ 1980ರ ದಶಕದ ಅಗೆತದಲ್ಲಿ ನವಶಿಲಾಯುಗದ ಜನವಸತಿಯೂ ಅದರ ಮೇಲೆ ಕಬ್ಬಿಣಯುಗದ ಪದರವೂ ಸಿಕ್ಕವು. ಸಮಾಧಿಗಳಿಗಿಂತ ಇದು ಹೆಚ್ಚಿನ ಮಾತು, ಏಕೆಂದರೆ ಸತ್ತವರ ಜೊತೆಗೆ ಬದುಕಿದ್ದವರ ಕುರುಹೂ ದೊರೆಯಿತು. ಬಂಗಾರಪೇಟೆ ತಾಲ್ಲೂಕಿನ ಹುಣಕುಂದದಲ್ಲೂ ಬೃಹತ್ ಶಿಲಾಯುಗದ ನೆಲೆಯಿದೆ. ಮುಳಬಾಗಿಲಿನಿಂದ ಪೂರ್ವಕ್ಕೆ ಗಡಿ ದಾಟಿದರೆ ಆಂಧ್ರದ ಪಲಮನೇರು ಭಾಗದ ಇರಳಬಂಡ. ಬ್ರಾನ್‌ಫಿಲ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕಲ್ಲುಮನೆಗಳನ್ನು ಕಂಡು ಬೆರಗಾಗಿ ವಿವರವಾಗಿ ಬರೆದಿದ್ದಾನೆ. ಆ ಮನೆಗಳ ಸುತ್ತ ತಲೆ ದುಂಡಗೆ ಕಡಿದ ಎತ್ತರದ ಚಪ್ಪಡಿಗಳು ಹೂವಿನ ಎಸಳುಗಳಂತೆ ನಿಲ್ಲುತ್ತವೆ. ದಕ್ಷಿಣಕ್ಕೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದಲ್ಲೂ ಇದೇ ಮಾದರಿ. ಅಲ್ಲಿನ ಕೆಲವು ಚಪ್ಪಡಿಗಳ ಒಳಮೈಗೆ ಬಿಳಿಯ ಚಿತ್ರಗಳಿವೆ. ಮೂರು ರಾಜ್ಯಗಳ ಗಡಿಗೆರೆ ಬರುವುದಕ್ಕೆ ಮುಂಚೆ ಇದು ಒಂದೇ ಬಂಡೆಯ ನಾಡಾಗಿತ್ತು. ಕಲ್ಲು ಕಟ್ಟುವವರು ಈ ತುದಿಯಿಂದ ಆ ತುದಿಗೆ ತಿಳಿವಳಿಕೆ ಹೊತ್ತು ತಿರುಗಿರಬೇಕು.

ಈ ಸೀಮೆಯ ಹಳ್ಳಿಗಳಲ್ಲಿ ಹೋಗಿ ಬೃಹತ್ ಶಿಲಾ ಸಮಾಧಿ ಎಲ್ಲಿದೆ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಪಾಂಡವರ ಗುಡಿ ಎಲ್ಲಿ, ಪಾಂಡವರ ಮನೆ ಎಲ್ಲಿ ಎಂದು ಕೇಳಬೇಕು. ತೆಲುಗು ಮಾತಾಡುವ ಮನೆಗಳಲ್ಲಿ ‘ಪಾಂಡವುಲ ಗುಳ್ಳು’ ಎಂದರೆ ತಕ್ಷಣ ಕೈಮಾಡಿ ತೋರಿಸುತ್ತಾರೆ. ವನವಾಸದ ಕಾಲದಲ್ಲಿ ಪಾಂಡವರು ಮಳೆಗೆ ಬಿಸಿಲಿಗೆ ಕಟ್ಟಿಕೊಂಡ ಮನೆಗಳಂತೆ ಅವು. ಇಷ್ಟು ದೊಡ್ಡ ಚಪ್ಪಡಿ ಎತ್ತಲು ಭೀಮನೇ ಬೇಕಲ್ಲವೇ! ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಇದೇ ಬಗೆಯ ಕಟ್ಟಡಗಳನ್ನು ‘ಮೋರೇರ ಮನೆ’ ಎನ್ನುತ್ತಾರೆ. ನನಗೆ ಈ ಕಥೆಗಳನ್ನು ತಳ್ಳಿಹಾಕುವ ಮನಸ್ಸಿಲ್ಲ. ಬರಹವಿಲ್ಲದ ಕಾಲದ ಕಲ್ಲನ್ನು ಮುಂದಿನ ತಲೆಮಾರಿಗೆ ದಾಟಿಸಲು ಜನರಿಗೆ ಇದ್ದ ಉಪಾಯ ಕಥೆಯೇ. ಪಾಂಡವರದೆಂಬ ಭಯಭಕ್ತಿ ಇದ್ದಷ್ಟು ದಿನ ಆ ಚಪ್ಪಡಿಗೆ ಯಾರೂ ಬೆಣೆ ಹೊಡೆಯಲಿಲ್ಲ. ಆವನಿ ಬೆಟ್ಟದ ಗುಹೆಗಳಿಗೆ ಸೀತೆಯ ಹೆಸರು ಬಂದದ್ದರಿಂದಲೇ ಆ ಬೆಟ್ಟ ಇಂದಿಗೂ ಇಡಿಯಾಗಿ ಉಳಿದಿದೆ.

ಆವನಿಗೆ ‘ದಕ್ಷಿಣ ಗಯಾ’ ಎಂಬ ಇನ್ನೊಂದು ಹೆಸರಿದೆ. ಗಯೆ ಎಂದರೆ ಹಿರಿಯರ ಋಣ ತೀರಿಸುವ ಕ್ಷೇತ್ರ. ಕಬ್ಬಿಣಯುಗದವರು ಎಲುಬು ಆಯ್ದು ಕಲ್ಲುಮನೆಯಲ್ಲಿಟ್ಟರು. ನೊಳಂಬರ ಕಾಲದವರು ಸತ್ತ ಗುರುವಿನ ಕೆಲಸವನ್ನೆಲ್ಲ ಕಲ್ಲಿನ ಮೇಲೆ ಬರೆಸಿಟ್ಟರು, ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದರು. ಅವೇ ಆಚರಣೆಗಳು ನೇರವಾಗಿ ಸಾಗಿಬಂದವು ಎಂದು ಯಾರೂ ಸಾಧಿಸಲಾರರು. ನಾನೂ ಹಾಗೆ ಹೇಳುತ್ತಿಲ್ಲ. ಆದರೆ ತಮ್ಮವರನ್ನು ಕಳೆದುಕೊಂಡಾಗ ಈ ಸೀಮೆಯ ಜನ ಮತ್ತೆ ಮತ್ತೆ ಹೋಗಿ ನಿಂತದ್ದು ಬಂಡೆಯ ಮುಂದೆ ಎಂಬುದು ಕಣ್ಣೆದುರಿಗೇ ಇದೆ.

ಹಳೆಯ ಊರನ್ನೂ ಅದಕ್ಕಿಂತ ಹಳೆಯ ಕಲ್ಲನ್ನೂ ಒಟ್ಟಿಗೆ ತೋರಿಸುವುದು ಹೇಗೆ ಎಂಬುದಕ್ಕೆ ಸ್ಪೇನ್ ದೇಶದ ಅಂತೆಕೇರಾ ಎಂಬ ಊರು ಒಂದು ಪಾಠ. ಬೆಟ್ಟದ ಮೇಲೆ ಅರಬರ ಕಾಲದ ಕೋಟೆ, ಕೆಳಗೆ ಇಗರ್ಜಿಗಳ ಗೋಪುರಗಳ ಹಳೆಯ ಪೇಟೆ. ಪೇಟೆಯ ಅಂಚಿನಲ್ಲೇ ಐದು ಸಾವಿರ ವರ್ಷಕ್ಕೂ ಹಿಂದಿನ ಬೃಹತ್ ಶಿಲಾ ಸಮಾಧಿಗಳು. ಅವುಗಳಲ್ಲಿ ಮೆಂಗಾ ಎಂಬುದರ ಹೊದಿಕೆಯ ಒಂದು ಕಲ್ಲೇ ಸುಮಾರು 150 ಟನ್ ತೂಗುತ್ತದೆ. ಆ ಸಮಾಧಿಯ ಬಾಗಿಲು ನೋಡುವುದು ಮಲಗಿದ ಮನುಷ್ಯನ ಮುಖದಂತೆ ಕಾಣುವ ಎದುರಿನ ಬೆಟ್ಟವನ್ನು. 2016ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಅಂತೆಕೇರಾ ಸೇರಿದಾಗ ಸಮಾಧಿಗಳ ಜೊತೆಗೆ ಆ ಬೆಟ್ಟವನ್ನೂ, ಇನ್ನೊಂದು ಸುಣ್ಣಕಲ್ಲಿನ ಬೆಟ್ಟವನ್ನೂ ಸೇರಿಸಿದರು. ಕಟ್ಟಿದವರು ಬೆಟ್ಟವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದಾರೆ, ಆದ್ದರಿಂದ ಬೆಟ್ಟವೂ ಸ್ಮಾರಕದ ಭಾಗ ಎಂಬುದು ಅವರ ತರ್ಕ. ಸೀತಮ್ಮನ ಬೆಟ್ಟವನ್ನು ಬಿಟ್ಟು ಆವನಿಯ ಗುಡಿಗಳನ್ನು ಯೋಚಿಸಲಾಗದ ನಮಗೆ ಈ ತರ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ದೇಶದ ಉತ್ತರದಲ್ಲಿ ಸಾಂತಿಯಾನಾ ದೆಲ್ ಮಾರ್ ಎಂಬ ಕಲ್ಲುಹಾಸಿನ ಊರಿದೆ. ಅಲ್ಲಿನ ಹನ್ನೆರಡನೆಯ ಶತಮಾನದ ಇಗರ್ಜಿ ನೋಡಲು ಬಂದವರು ಎರಡು ಕಿಲೋಮೀಟರ್ ಆಚೆಯ, ಕಾಡುಕೋಣಗಳ ಚಿತ್ರಗಳಿರುವ ಅಲ್ತಮೀರಾ ಗುಹೆಯ ಕಡೆಗೂ ಹೋಗುತ್ತಾರೆ. 1879ರಲ್ಲಿ ಆ ಚಿತ್ರಗಳನ್ನು ಮೊದಲು ಕಂಡವಳು ಎಂಟು ವರ್ಷದ ಹುಡುಗಿ ಮರಿಯಾ. ತಂದೆ ಸೌತುವೋಲಾ ನೆಲ ಕೆದಕುತ್ತಿದ್ದಾಗ ಅವಳು ತಲೆಯೆತ್ತಿ ಚಾವಣಿ ನೋಡಿದಳು. ಶಿಲಾಯುಗದವರಿಗೆ ಇಂಥ ಕಲೆ ಸಾಧ್ಯವೇ ಇಲ್ಲವೆಂದು ಪಂಡಿತರು ಹಳಿದರು. ಅವರು ಒಪ್ಪಿಕೊಳ್ಳುವಷ್ಟರಲ್ಲಿ 1902 ಬಂದಿತ್ತು, ಸೌತುವೋಲಾ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಜನದಟ್ಟಣೆಯ ಉಸಿರಿಗೇ ಬಣ್ಣ ಕೆಡುತ್ತಿದ್ದುದರಿಂದ ಗುಹೆಗೆ ಹೋಗುವುದನ್ನು ತಡೆದು, 2001ರಲ್ಲಿ ಪಕ್ಕದಲ್ಲೇ ಪಡಿಯಚ್ಚಿನ ಗುಹೆ ಮಾಡಿ ತೆರೆದರು.

ನಮ್ಮಲ್ಲಿ ಏನಾಗಿದೆ? ಆವನಿಯ ರಾಮಲಿಂಗೇಶ್ವರ ದೇವಾಲಯಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸ್ಮಾರಕದ ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ರಾಜ್ಯಕ್ಕೂ 1961ರ ಪ್ರತ್ಯೇಕ ಕಾಯ್ದೆಯಿದೆ. ಆದರೆ ಕಾಯ್ದೆಯ ಕೈ ಚಾಚುವುದು ಅಧಿಸೂಚನೆ ಹೊರಟ ಜಾಗಕ್ಕೆ ಮಾತ್ರ. ಹೊಲದ ಬದುವಿನಲ್ಲೋ ಗೋಮಾಳದಲ್ಲೋ ಇರುವ ಕಲ್ಲುವೃತ್ತಕ್ಕೆ ಬೋರ್ಡೂ ಇಲ್ಲ, ಬೇಲಿಯೂ ಇಲ್ಲ. ಅದಕ್ಕೆ ಮೂರು ಕಡೆಯಿಂದ ಕೇಡು. ಜೆಸಿಬಿ ತಂದು ಹೊಲ ಸಮ ಮಾಡುವಾಗ ಗುಂಡುಕಲ್ಲುಗಳು ಬದುವಿಗೆ ಉರುಳುತ್ತವೆ. ನಿಧಿಯ ಆಸೆಗೆ ರಾತ್ರಿ ಬಂದು ಅಗೆಯುವವರು ಮಡಕೆ ಒಡೆದು, ಎಲುಬು ಚೆಲ್ಲಿ ಹೋಗುತ್ತಾರೆ. ಆದರೆ ಆ ಸಮಾಧಿಗಳಲ್ಲಿ ಇರುವುದು ಮಣ್ಣಿನ ಮಡಕೆ, ತುಕ್ಕು ಹಿಡಿದ ಕಬ್ಬಿಣ. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕಲ್ಲುಗಣಿ. ಚಪ್ಪಡಿಯನ್ನು ಉರಿ ಹಚ್ಚಿ ಎಬ್ಬಿಸುವಾಗ ಬೆಟ್ಟ ಉಳಿಯುತ್ತಿತ್ತು. ಸಿಡಿಮದ್ದು, ಕ್ರಷರ್ ಬಂದ ಮೇಲೆ ಬೆಟ್ಟವೇ ಜಲ್ಲಿಯಾಗಿ ಲಾರಿ ಹತ್ತುತ್ತದೆ. ಬೆಂಗಳೂರಿನ ಕಟ್ಟಡಗಳಿಗೆ ಕಲ್ಲು ಬೇಕು, ಈ ಭಾಗದ ಬಡವರಿಗೆ ಕೂಲಿ ಬೇಕು, ಅದು ನಿಜ. ಹಾಗೆಂದು ಗಣಿಗೆ ಗುರುತು ಹಾಕುವ ಮೊದಲು ಆ ಸರ್ವೆ ನಂಬರಿನಲ್ಲಿ ಮೂರು ಸಾವಿರ ವರ್ಷದ ಸಮಾಧಿ ಇದೆಯೇ ಎಂದು ಒಬ್ಬ ಪುರಾತತ್ವಜ್ಞ ಬಂದು ನೋಡಿ ಹೋಗಲಿ ಎಂದು ಕೇಳುವುದು ಅತಿಯಾಸೆಯೇ?

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಆ ಕಡೆ ಕರ್ನಾಟಕದ ಕಣ್ಣು ಬಿದ್ದಿದೆ. ಕೋಲಾರ ಸೀಮೆಗೂ ಅಂಥ ಗಮನ ಬೇಕು. ಹಣದ ದೊಡ್ಡ ಯೋಜನೆಯೇ ಬೇಕೆಂದಿಲ್ಲ. ಪ್ರತಿ ಗ್ರಾಮ ಪಂಚಾಯಿತಿ ತನ್ನ ಎಲ್ಲೆಯೊಳಗಿನ ಪಾಂಡವರ ಗುಡಿಗಳನ್ನು ಸರ್ವೆ ನಂಬರಿನ ಸಮೇತ ಪಟ್ಟಿ ಮಾಡಿ ಇಲಾಖೆಗೆ ಕಳಿಸಿದರೆ ಅಧಿಸೂಚನೆಯ ದಾರಿ ತೆರೆಯುತ್ತದೆ. ಆವನಿಯ ದೇವಸ್ಥಾನದ ಬಾಗಿಲಲ್ಲಿ ಗುಡಿಗಳ ಚರಿತ್ರೆಯ ಜೊತೆಗೆ ಸುತ್ತಲಿನ ಆದಿ ನೆಲೆಗಳ ನಕ್ಷೆಯನ್ನೂ ಕನ್ನಡ, ತೆಲುಗುಗಳಲ್ಲಿ ನಿಲ್ಲಿಸಬಹುದು. ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಪ್ರವಾಸಕ್ಕೆ ಹಳೇಬೀಡಿಗೆ ಕರೆದೊಯ್ಯುವ ಮುನ್ನ ಊರಾಚೆಯ ಕಲ್ಲುವೃತ್ತಕ್ಕೆ ಕರೆದೊಯ್ಯಲಿ. ಅಲ್ತಮೀರಾದಲ್ಲಿ ಕಂಡದ್ದು ಮಗುವಿನ ಕಣ್ಣೇ ತಾನೇ.

ಹೋಗುವವರಿಗೆ ಒಂದೆರಡು ಮಾತು. ಬೆಟ್ಟ ಹತ್ತುವುದಿದ್ದರೆ ಬೆಳಗಿನ ತಂಪಿನಲ್ಲಿ ಹತ್ತಬೇಕು, ಹೊತ್ತೇರಿದರೆ ಬಂಡೆ ಕಾದು ಕಾಲಿಡಲಾಗುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಹೋದರೆ ರಥೋತ್ಸವದ ಜೊತೆಗೆ ಹೆಸರುವಾಸಿಯಾದ ದನಗಳ ಜಾತ್ರೆಯೂ ನೋಡಲು ಸಿಗುತ್ತದೆ. ಗುಡಿಗಳನ್ನು ನಿಧಾನವಾಗಿ ನೋಡುವವರು ಆ ದಿನಗಳನ್ನು ಬಿಟ್ಟು ಹೋಗುವುದು ವಾಸಿ. ಅದೇ ದಿನ ಮುಳಬಾಗಿಲು ಬಳಿಯ ಕುರುಡುಮಲೆಗೂ ಹೋಗಬಹುದು. ಅಲ್ಲಿನ ಬೃಹತ್ ಗಣಪ, ಸೋಮೇಶ್ವರ ಗುಡಿ ಎರಡೂ ಇದೇ ಸೀಮೆಯ ಕಲ್ಲಿನ ಕೆಲಸವನ್ನು ಇನ್ನೊಂದು ಬಗೆಯಲ್ಲಿ ತೋರಿಸುತ್ತವೆ. ಕಲ್ಲುಮನೆಗಳನ್ನು ಹುಡುಕುವವರು ಹೊಲದ ಯಜಮಾನರನ್ನು ಕೇಳಿಯೇ ಒಳಗೆ ಕಾಲಿಡಬೇಕು. ಚಪ್ಪಡಿ ಸರಿಸುವುದು, ಒಳಗೆ ಇಳಿಯುವುದು, ಬಿದ್ದ ಮಡಕೆಚೂರು ಜೇಬಿಗೆ ಹಾಕಿಕೊಳ್ಳುವುದು ಬೇಡ. ಚೂರು ಬಿದ್ದಿರುವ ಜಾಗವೇ ಪುರಾತತ್ವಜ್ಞರಿಗೆ ಸಾಕ್ಷಿ. ಅಳತೆ ತಿಳಿಯಲು ಪಕ್ಕದಲ್ಲೊಂದು ಕೋಲಿಟ್ಟು ಫೋಟೊ ತೆಗೆದು, ಹಳ್ಳಿಯ ಹೆಸರು, ಸರ್ವೆ ನಂಬರು ಬರೆದು ಪುರಾತತ್ವ ಇಲಾಖೆಗೆ ಕೊಟ್ಟುಬನ್ನಿ.